ಬಾಗಿಲು

ಹೊಳೆ ಮನೆಯನ್ನು ಒಯ್ಯುವ ಮೊದಲು ಮೊಯ್ದು
ಕೀಲು ಕಳಚಿ ತಂದದ್ದು ಬಾಗಿಲೊಂದನ್ನೇ.
ಮಿಕ್ಸಿ ಬಿಟ್ಟ. ಪಡಿತರದ ಅಕ್ಕಿ ಬಿಟ್ಟ.
ಹಲಸಿನ ಮರದ್ದು, ಎರಡು ಆಳಿನ ಭಾರ,
ಸೊಂಟಮಟ್ಟದ ಕೆನ್ನೀರಿನಲ್ಲಿ ತಲೆಯ ಮೇಲೆ ಹೊತ್ತು
ಕರಡಿಗೋಡಿನ ಏರು ಹತ್ತಿ
ನನ್ನ ಶಾಲೆಯ ಜಗಲಿಗೆ ಒರಗಿಸಿದ.
"ಇದರ ಮೇಲೆ ನಂಬರಿದೆ ಟೀಚರೇ" ಅಂದ, ಏದುಸಿರು ಬಿಡುತ್ತ.

ಇತ್ತು. ಪಂಚಾಯ್ತಿಯವರು ಕೆಂಪು ಬಣ್ಣದಲ್ಲಿ ಬರೆದದ್ದು,
ನಾಲ್ಕು ಗೀಟು ನೂರ ಹದಿನೇಳು.

ನನ್ನ ಕೈಗೆ ರಿಜಿಸ್ಟರ್ ಕೊಟ್ಟಿದ್ದರು.
ಹೆಸರು, ತಲೆ ಎಷ್ಟು, ಚಾಪೆ ಎಷ್ಟು, ಬಕೆಟ್ ಎಷ್ಟು.
ಆರನೇ ಕಾಲಂ ಕಾಯಂ ವಿಳಾಸ.
ಐವತ್ತಮೂರು ಸಂಸಾರಕ್ಕೂ ಅಲ್ಲಿ
ಮೇಲಿನಂತೆ, ಮೇಲಿನಂತೆ ಎಂದು ಬರೆಯುತ್ತ ಹೋಗಿ
ರಾತ್ರಿ ಮೇಲೆ ನೋಡಿದರೆ
ಮೊದಲ ಸಾಲನ್ನೇ ಖಾಲಿ ಬಿಟ್ಟಿದ್ದೆ.

ಮೂರನೇ ತರಗತಿಗೆ ನಾಲ್ಕು ಸಂಸಾರ.
ಸೀರೆ ಕಟ್ಟಿ ಗೋಡೆ ಮಾಡಿಕೊಂಡರು.
ಸೆಲ್ವಮ್ಮನ ಗೋಡೆ ಹಳದಿ, ಬೊಳ್ಚಿಯ ಗೋಡೆ ಹರಕು,
ಕೆಮ್ಮು ಮಾತ್ರ ಎಲ್ಲರಿಗೂ ಸೇರಿದ್ದು.
ಮೊಯ್ದುವಿನ ಪಾಲಿಗೆ ಕರಿಹಲಗೆಯ ಕೆಳಗಿನ ಜಾಗ,
ತಲೆಯ ಮೇಲೆ ನಾನೇ ಅರ್ಧಕ್ಕೆ ಬಿಟ್ಟ ಕಳೆಯುವ ಲೆಕ್ಕ.
ಅವನ ಮಗಳು ರಂಸೀನ ಅದೇ ತರಗತಿಯವಳು.
ಬೆಳಿಗ್ಗೆ ಹಲ್ಲುಜ್ಜಿ ಬಂದು
ತನ್ನ ಮಾಮೂಲಿ ಜಾಗದಲ್ಲಿ ಕೂತು "ಯೆಸ್ ಟೀಚರ್" ಅಂದಳು.
ನಾನು ಹಾಜರಿ ಕರೆದಿರಲಿಲ್ಲ.

ಬಾಗಿಲನ್ನು ಇಟ್ಟಿಗೆಗಳ ಮೇಲೆ ಮಲಗಿಸಿದರು,
ಮುದುಕಿ ಕುಂಞಾಮಿನಳ ಮಂಡಿಗೆ ನೆಲದ ಶೀತ ಆಗದು.
ಹಗಲು ಅದರ ಮೇಲೆಯೇ ಬಟ್ಟೆ ಮಡಚುವುದು, ಬೀನ್ಸ್ ಹೆಚ್ಚುವುದು,
ಅರ್ಜಿ ತುಂಬುವುದು.
ರಂಸೀನ ಬಗ್ಗಿ ಅದನ್ನು ಟಕಟಕ ತಟ್ಟುವಳು.
ಮುದುಕಿ ಕಣ್ಣು ಮುಚ್ಚಿಕೊಂಡೇ, "ಯಾರದು?"
ಅದೇ ಆಟ, ದಿನಕ್ಕೆ ಹತ್ತು ಸಲ.

ಕಕ್ಕಡ ಹದಿನೆಂಟು ಬಂತು. ಯಾರಿಗೂ ನೆನಪಿರಲಿಲ್ಲ,
ಅಡುಗೆಯ ಚೋಂದವ್ವನನ್ನು ಬಿಟ್ಟು.
ಎಲ್ಲಿಂದಲೋ ಮದ್ದುಸೊಪ್ಪು ತಂದು ಕುದಿಸಿ
ಬಿಸಿಯೂಟದ ಹಂಡೆಯಲ್ಲಿ ಪಾಯಸ ಮಾಡಿದಳು.
ನೇರಳೆ ಬಣ್ಣ. ಇಡೀ ಶಾಲೆ ಘಮ್ಮೆಂದಿತು.
ಮರುದಿನ ಕಕ್ಕಸಿನ ಸಾಲಿನಿಂದ ಮಕ್ಕಳ ಕೇಕೆ,
"ನಂದು ಕೆಂಪು!" "ನಂದೂ!"
ಹತ್ತು ದಿನದಲ್ಲಿ ಮೊದಲ ಸಲ ಸುಬೈದಾ ನಕ್ಕಳು,
ಶಾಲಿನ ತುದಿ ಕಚ್ಚಿಕೊಂಡು.

ಕಂದಾಯದವರು ಬಂದರು. ಕುರ್ಚಿ ಹಾಕಿಸಿದೆ.
"ಹಕ್ಕುಪತ್ರ?" ಇಲ್ಲ. "ರಸೀದಿ?" ಹೊಳೆಯಲ್ಲಿ.
"ಮನೆ ಇತ್ತು ಅನ್ನೋದಕ್ಕೆ ಏನಿದೆ?"
ಮೊಯ್ದು ಉಮ್ಮನನ್ನು ಎಬ್ಬಿಸಿ ಬಾಗಿಲನ್ನು ನಿಲ್ಲಿಸಿ ಹಿಡಿದ.
ಅವರು ಈ ಬದಿ ನೋಡಿದರು,
ಸುತ್ತಿ ಹೋಗಿ ಆ ಬದಿಯನ್ನೂ ನೋಡಿದರು.
ಎರಡೂ ಬದಿ ಹೊರಗೇ.
ಫೋಟೊ ತೆಗೆದುಕೊಂಡು, "ಹೊಳೆ ಪೊರಂಬೋಕು, ನೋಡೋಣ" ಅಂದರು.
ಕೆಟ್ಟವರೇನಲ್ಲ. ಅವರ ಬೂಟೂ ಒದ್ದೆಯಾಗಿತ್ತು.

ಆಮೇಲೆ ಬಿಸಿಲು. ಆಮೇಲೆ ಸುತ್ತೋಲೆ:
ಸೋಮವಾರದಿಂದ ಪಾಠ, ಕೊಠಡಿಗಳ ತೆರವು.
ಓದಿ ಹೇಳಬೇಕಾದವಳು ನಾನು.
ಓದಿದೆ, ಗಟ್ಟಿಯಾಗಿ, ಪಾಠ ಓದಿದ ಹಾಗೆ,
ಪ್ರಶ್ನೆ ಕೇಳಲು ಯಾರಿಗೂ ಬಿಡುವು ಕೊಡದೆ.

ಒಂದು ತೋಟದಲ್ಲಿ ಲೈನ್ ಮನೆ ಇತ್ತಂತೆ,
ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಬಂದರೆ; ಮುದುಕಿ ಬೇಡ.
ಸಿದ್ದಾಪುರದಲ್ಲಿ ಕೋಣೆ, ಮುಂಗಡ ಇಪ್ಪತ್ತು ಸಾವಿರ.
ಕೊನೆಗೆ ಪಾಲಿಬೆಟ್ಟದ ಹತ್ತಿರ ಸುಬೈದಾಳ ಅಣ್ಣನ ಮನೆ,
ಮಳೆ ಮುಗಿಯುವವರೆಗೆ.
ಜೀಪಿನಲ್ಲಿ ಬಾಗಿಲು ಹಿಡಿಸಲಿಲ್ಲ.
"ಅಲ್ಲಿ ಬಾಗಿಲಿದೆಯಲ್ಲ" ಅಂದ ಡ್ರೈವರ್.
"ಇಲ್ಲಿರಲಿ ಟೀಚರೇ, ಬರ್ತೀನಿ" ಅಂದ ಮೊಯ್ದು.

ಮೂರು ಮಳೆಗಾಲ ಆಯಿತು.
ಅಕ್ಕಿ ಚೀಲದ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದೆ.
ಇದು ಯಾವ ಬಾಗಿಲು, ದಾಸ್ತಾನು ಪುಸ್ತಕದಲ್ಲಿ ಇಲ್ಲವಲ್ಲ
ಎಂದು ತಪಾಸಣೆಯವರು ಪ್ರತಿ ವರ್ಷ ಕೇಳುತ್ತಾರೆ.
ಕಳೆದ ವಾರ ಬರೆದುಬಿಟ್ಟೆ:
ಬಾಗಿಲು, ಹಲಸು, ಒಂದು.
ಷರಾ: ಮನೆ ಬರಬೇಕಾಗಿದೆ.